ವಯಸ್ಸಾದವರಿಗೆ ಅಂತಲೇ ಬೇರೆ ಡಾಕ್ಟ್ರು ಬೇಕಾ, ಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಅಮ್ಮನಿಗೆ 79 ವರ್ಷ, ಹನುಮಂತನಗರದಲ್ಲಿ ನಮ್ಮ ಜೊತೇಲೇ ಇದ್ದಾರೆ. ಹಾರ್ಟ್‌ಗೆ ಒಬ್ಬರು, ಶುಗರ್‌ಗೆ ಒಬ್ಬರು, ಮಂಡಿಗೆ ಒಬ್ಬರು, ಮೂತ್ರದ ತೊಂದರೆಗೆ ಒಬ್ಬರು ಅಂತ ನಾಲ್ಕು ಜನ ಡಾಕ್ಟರ ಹತ್ರ ತೋರಿಸ್ತೀವಿ, ದಿನಕ್ಕೆ 13 ಮಾತ್ರೆ. ಹೋದ ಎರಡು ತಿಂಗಳಲ್ಲಿ ಎರಡು ಸಲ ಬಿದ್ದಿದ್ದಾರೆ. ಯಾರನ್ನ ಕೇಳಿದ್ರೂ "ವಯಸ್ಸಾಯ್ತಲ್ಲ" ಅಂತಾರೆ. ಇನ್ನೊಂದು ವಿಷಯ, ನಾನು ನಮ್ಮ ಏರಿಯಾದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆ ಕಮಿಟೀಲಿದ್ದೀನಿ, 40 ಬೆಡ್ ಇದೆ. ದಾನಿಯೊಬ್ಬರು ಅವರ ತಂದೆ ಹೆಸರಲ್ಲಿ ಹಿರಿಯರ ವಾರ್ಡ್ ಕಟ್ಟಿಸಿಕೊಡ್ತೀನಿ ಅಂತ ಬಂದಿದ್ದಾರೆ. ಕಮಿಟೀಲಿ ಅರ್ಧ ಜನ ಇದೆಲ್ಲಾ ಶ್ರೀಮಂತ ದೇಶದವರಿಗೆ ಸರಿ, ನಮ್ಮಂಥ ದೇಶ ಮೊದಲು ಮಕ್ಕಳನ್ನ ಬಾಣಂತಿಯರನ್ನ ನೋಡ್ಕೋಬೇಕು ಅಂತಿದ್ದಾರೆ. ನೀವೇನಂತೀರಿ?

ಉತ್ತರ: ನಿಮ್ಮ ಎರಡು ಪ್ರಶ್ನೆಗೂ ಬುಡ ಒಂದೇ ಅಂತ ನನಗನ್ನಿಸ್ತು, ಅದಕ್ಕೆ ಅಮ್ಮನ ಕಡೆಯಿಂದ ಶುರು ಮಾಡ್ತೀನಿ, ವಾರ್ಡಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಕೆಲವು ವರ್ಷದ ಹಿಂದೆ ಚಾಮರಾಜಪೇಟೆಯಿಂದ ಒಬ್ಬ ಅಜ್ಜಿ ಬಂದಿದ್ರು, 81 ವರ್ಷ, ಮಗ ಸೊಸೆ ಇಬ್ಬರೂ ಜೊತೇಲಿ. ಅವರು ಬಂದಿದ್ದು ಮರೆವಿಗೆ ಅಂತ. "ಡಾಕ್ಟ್ರೇ, ಮೂರು ತಿಂಗಳಿಂದ ಅಮ್ಮ ಏನೇನೋ ಮಾತಾಡ್ತಾರೆ, ರಾತ್ರಿ ಎದ್ದು ಓಡಾಡ್ತಾರೆ, ಬೀಳ್ತಾರೆ" ಅಂತ ಸೊಸೆ ಹೇಳಿದ್ರು. ನಾನು ಯಾವಾಗ್ಲೂ ಕೇಳೋ ಹಾಗೆ ಮಾತ್ರೆ ಎಲ್ಲಾ ತಂದಿದ್ದೀರಾ ಅಂದೆ. ಒಂದು ಬಟ್ಟೆ ಅಂಗಡಿ ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲೆ ಸುರಿದ್ರು. ಅರ್ಧ ಕತ್ತರಿಸಿದ ಸ್ಟ್ರಿಪ್, ಹೆಸರು ಹರಿದು ಹೋಗಿರೋದು, ಒಂದೇ ಔಷಧಿ ಎರಡು ಬೇರೆ ಬೇರೆ ಕಂಪನಿ ಹೆಸರಲ್ಲಿ ಇಬ್ಬರು ಡಾಕ್ಟ್ರು ಬರೆದಿರೋದು, ಎಲ್ಲಾ ಸೇರಿ 16 ಥರ. ನಾನೂ ನಮ್ಮ ಸಿಸ್ಟರೂ ಕೂತ್ಕೊಂಡು ಯಾವುದು ಯಾವ ತಿಂಗಳು ಶುರುವಾಯ್ತು ಅಂತ ಒಂದೊಂದಾಗಿ ಸಾಲಾಗಿ ಜೋಡಿಸಿದ್ವಿ, ಆಗ ಕಥೆ ತಾನಾಗೇ ಕಾಣಿಸ್ತು.

ಮೊದಲು ಬಿಪಿಗೆ ಅಂತ ಅಮ್ಲೋಡಿಪಿನ್ ಕೊಟ್ಟಿದ್ದಾರೆ, ಅದು ಕೆಲವರಿಗೆ ಪಾದ ಊದಿಸುತ್ತೆ, ಇವರಿಗೂ ಊದಿದೆ. ಊತ ಅಂತ ಇನ್ನೊಬ್ಬರ ಹತ್ರ ಹೋದಾಗ ನೀರಿಳಿಸೋ ಮಾತ್ರೆ ಸೇರಿದೆ. ಅದರಿಂದ ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ ಏಳೋದು, ತಡೆಯೋಕೆ ಆಗದೆ ಸೀರೆ ಒದ್ದೆಯಾಗೋದು ಶುರುವಾಗಿದೆ. ಅದಕ್ಕೆ ಮತ್ತೊಬ್ಬರು ಮೂತ್ರ ಹಿಡಿಯೋ ಮಾತ್ರೆ ಕೊಟ್ಟಿದ್ದಾರೆ, ಈ ಜಾತಿ ಮಾತ್ರೆ ವಯಸ್ಸಾದವರಲ್ಲಿ ಬಾಯಿ ಒಣಗಿಸುತ್ತೆ, ಮಲಬದ್ಧತೆ ತರುತ್ತೆ, ತಲೆನೂ ಕದಡುತ್ತೆ. ತಲೆ ಕದಡಿ ರಾತ್ರಿ ನಿದ್ದೆ ಇಲ್ಲ ಅಂತ ಮೆಡಿಕಲ್ ಸ್ಟೋರಲ್ಲಿ ಕೇಳಿ ಒಂದು ನಿದ್ದೆ ಮಾತ್ರೆ. ಮಲಗಿದಾಗ ಅವರ ಬಿಪಿ 148, ಎದ್ದು ನಿಂತು ಎರಡು ನಿಮಿಷಕ್ಕೆ 112. ನಿಂತ ಮೂರು ನಿಮಿಷದೊಳಗೆ 20 ಇಳಿದ್ರೇನೇ ನಾವು ಎಚ್ಚರ ಆಗ್ತೀವಿ, ಇವರಿಗೆ 36 ಇಳಿದಿತ್ತು, ಬೀಳದೆ ಇನ್ನೇನಾಗುತ್ತೆ.

ಇದರಲ್ಲಿ ಯಾವ ಡಾಕ್ಟ್ರೂ ತಪ್ಪು ಮಾಡಿಲ್ಲ ನೋಡಿ, ಅದೇ ನನಗೆ ಸಂಕಟ ಆಗೋದು. ಅವರವರ ಕುರ್ಚೀಲಿ ಕೂತು ನೋಡಿದ್ರೆ ಪ್ರತಿಯೊಬ್ಬರದ್ದೂ ಸರಿ. ಅಷ್ಟೂ ಸೇರಿ ಆ ಅಜ್ಜಿ ಏನಾದ್ರು ಅಂತ ನೋಡೋಕೆ ಯಾರೂ ಇರಲಿಲ್ಲ ಅಷ್ಟೆ. ಆರು ವಾರದಲ್ಲಿ ಒಂದೊಂದೇ ಕಡಿಮೆ ಮಾಡಿ, ಬಿಪಿ ಮಾತ್ರೆ ಬದಲಾಯಿಸಿ, 16 ಇದ್ದದ್ದು 7ಕ್ಕೆ ಬಂತು. ಕಿವೀಲಿ ಗಟ್ಟಿಯಾಗಿ ಕೂತಿದ್ದ ಗುಗ್ಗೆ ತೆಗೆಸಿದ್ವಿ, ಅದಾದ ಮೇಲೆ ಅರ್ಧ "ಮರೆವು" ಹಾಗೇ ಹೋಯ್ತು, ಯಾಕಂದ್ರೆ ಅವರಿಗೆ ಕೇಳಿಸ್ತಾನೇ ಇರಲಿಲ್ಲ. ಹಾಸಿಗೆಯಿಂದ ಬಾತ್‌ರೂಮಿನ ದಾರೀಲಿ ಒಂದು ಸಣ್ಣ ಲೈಟ್ ಹಾಕಿಸಿದ್ರು. ಇಷ್ಟೇ ನಾವು ಮಾಡಿದ್ದು. (ದಯವಿಟ್ಟು ಇದನ್ನ ಓದಿ ಯಾರೂ ಮನೇಲೇ ಮಾತ್ರೆ ನಿಲ್ಲಿಸಬೇಡಿ, ಕೆಲವನ್ನ ದಿಢೀರ್ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ, ಅದರಲ್ಲೂ ಹಾರ್ಟ್ ಮಾತ್ರೆ ಮತ್ತೆ ತುಂಬಾ ದಿನದಿಂದ ತಗೋತಿರೋ ನಿದ್ದೆ ಮಾತ್ರೆ.)

ಇದನ್ನೇ ಜೀರಿಯಾಟ್ರಿಕ್ಸ್, ಅಂದ್ರೆ ವಯಸ್ಸಾದವರ ವೈದ್ಯಶಾಸ್ತ್ರ ಅನ್ನೋದು. ಮಕ್ಕಳ ಡಾಕ್ಟ್ರು ಯಾಕೆ ಬೇರೆ ಅಂತ ನಾವ್ಯಾರೂ ಕೇಳಲ್ಲ, ಮಗು ಅಂದ್ರೆ ಚಿಕ್ಕ ಸೈಜಿನ ದೊಡ್ಡವರಲ್ಲ ಅಂತ ಎಲ್ಲರಿಗೂ ಗೊತ್ತು. ವಯಸ್ಸಾದ ದೇಹಾನೂ ಹಾಗೇ ಬೇರೆ. 80 ದಾಟಿದವರಿಗೆ ನ್ಯುಮೋನಿಯಾ ಆದ್ರೂ ಜ್ವರ ಬರದೇ ಇರಬಹುದು, ಹಾರ್ಟ್ ಅಟ್ಯಾಕ್ ಆದಾಗ ಎದೆನೋವೇ ಇಲ್ಲದೆ ಬರೀ ಸುಸ್ತು ಅನ್ನಬಹುದು, ಯೂರಿನ್ ಇನ್ಫೆಕ್ಷನ್ ಆದ್ರೆ ಊಟ ಬಿಟ್ಟು ಸುಮ್ಮನೆ ಗೋಡೆ ಕಡೆ ತಿರುಗಿ ಮಲಗಿಬಿಡಬಹುದು. ಹಳಬರು ಸನ್ನಿ ಹಿಡೀತು ಅಂತಿದ್ರಲ್ಲ, ಒಂದೆರಡು ದಿನದಲ್ಲಿ ದಿಢೀರ್ ಅಂತ ಮಾತು ತಪ್ಪೋದು, ಜನ ಗುರುತು ಸಿಗದೇ ಇರೋದು, ಅದು ಅರಳು ಮರಳಲ್ಲ, ಒಳಗೆ ಏನೋ ಆಗಿದೆ ಅನ್ನೋ ಎಮರ್ಜೆನ್ಸಿ. "ವಯಸ್ಸಾಯ್ತಲ್ಲ" ಅನ್ನೋ ಒಂದು ಮಾತಲ್ಲಿ ಇದೆಲ್ಲಾ ಮುಚ್ಚಿ ಹೋಗುತ್ತೆ.

ಈಗ ನಿಮ್ಮ ಕಮಿಟಿಯವರ ಮಾತು, ಇದು ಶ್ರೀಮಂತ ದೇಶದವರಿಗೆ ಅನ್ನೋದು. ಈ ವಿದ್ಯೆ ಹುಟ್ಟಿದ ಕಥೆ ಅವರಿಗೆ ಹೇಳಿ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ದವಾಖಾನೆಯನ್ನ ತನ್ನ ಜೊತೆ ಸೇರಿಸ್ಕೊಂಡಾಗ ಅಲ್ಲಿ 700ಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗಿದ್ರು, ಇವರ ಕಥೆ ಮುಗೀತು ಅಂತ ಬಿಟ್ಟಿದ್ದವರು. ಮಾರ್ಜೊರಿ ವಾರೆನ್ ಅನ್ನೋ ಡಾಕ್ಟ್ರು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿ, ಯಾಕೆ ಮಲಗಿದ್ದಾರೆ ಅಂತ ಕಾರಣ ಹುಡುಕಿ, ಎಬ್ಬಿಸಿ ಕೂರಿಸಿ, ನಡೆಸಿ, ಎಷ್ಟೋ ಜನರನ್ನ ಮನೆಗೆ ಕಳಿಸಿದ್ರು. ಆಗಿನ್ನೂ ರೋಗಿಗಳಿಗೆ ಪೆನ್ಸಿಲಿನ್ ಕೂಡ ಸಿಗ್ತಿರಲಿಲ್ಲ! ಹೊಸ ಔಷಧಿ ಇಲ್ಲ, ಮೆಷೀನ್ ಇಲ್ಲ, ನೋಡೋ ಕಣ್ಣು ಮತ್ತೆ ನಡೆಸೋ ಕೈ ಇತ್ತು. 1948ರಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ಈ ಶಾಖೆ ಅದರೊಳಗೆ ಬೆಳೀತು, ಆಗ ಆ ದೇಶದಲ್ಲಿ ಯುದ್ಧದ ಹೊಡೆತದಿಂದ ಮಾಂಸ ಸಕ್ಕರೆ ಎಲ್ಲಾ ರೇಷನ್ನು, ಆ ರೇಷನ್ ಪೂರ್ತಿ ಮುಗಿದಿದ್ದು 1954ರಲ್ಲಿ. ಕೈಲಿ ಕಾಸಿಲ್ಲದ ಕಾಲದಲ್ಲಿ ಮಾಡಿದ ಕೆಲಸ ಅದು.

ನಮ್ಮ ದೇಶದಲ್ಲಿ ಇದು ಶುರುವಾಗಿದ್ದು ಪಕ್ಕದ ಚೆನ್ನೈನಲ್ಲಿ, ಅದೂ ಸರ್ಕಾರಿ ಆಸ್ಪತ್ರೇಲಿ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾಕ್ಟರ್ ವಿ.ಎಸ್. ನಟರಾಜನ್ ಅವರು 1978ರಲ್ಲಿ ವಯಸ್ಸಾದವರಿಗೆ ಅಂತ ಒಂದು ಓಪಿ ಶುರು ಮಾಡಿದ್ರು. 10 ಹಾಸಿಗೆಯ ವಾರ್ಡ್ ಬಂದಿದ್ದು 1988ರಲ್ಲಿ. ಎಂಡಿ ಕೋರ್ಸು 1996ರಲ್ಲಿ. ಈ ಕ್ರಮ ಗಮನಿಸಿ, ಮೊದಲು ಓಪಿ, ಹತ್ತು ವರ್ಷ ಆದ ಮೇಲೆ ವಾರ್ಡು, ಅದಕ್ಕೂ ಆಮೇಲೆ ಡಿಗ್ರಿ. ನಿಮ್ಮ ದಾನಿಗಳು ಈ ಸಾಲನ್ನ ಹಿಂದುಮುಂದು ಮಾಡ್ತಿದ್ದಾರೆ ಅಂತ ನನ್ನ ಭಯ.

ಮಕ್ಕಳು ಮೊದಲಾ ಮುದುಕರು ಮೊದಲಾ ಅನ್ನೋದು ನನಗೆ ಪ್ರಶ್ನೆ ಅಂತಲೇ ಅನ್ಸಲ್ಲ, ಯಾಕಂದ್ರೆ ಬೆಂಗಳೂರಲ್ಲಿ ಇಬ್ಬರೂ ಒಂದೇ ಮನೇಲಿ ಇರ್ತಾರೆ. ಪೀಣ್ಯದಲ್ಲೋ ಬೊಮ್ಮನಹಳ್ಳೀಲೋ ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಗಳ ಮಗೂನ ನೋಡ್ಕೊಳ್ಳೋರು ಯಾರು? ಊರಿಂದ ಬಂದಿರೋ ಅವಳ ಅಮ್ಮ ಇಲ್ಲ ಅತ್ತೆ. ಆ ಅಜ್ಜಿ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರ್ಕೊಂಡ್ರೆ ಒಂದೇ ದಿನದಲ್ಲಿ ಮಗು ಅನಾಥ ಆದಹಾಗೆ, ಮಗಳ ಸಂಬಳ ನಿಂತಹಾಗೆ, ಆಸ್ಪತ್ರೆ ಸಾಲ ತಲೆ ಮೇಲೆ ಬಂದಹಾಗೆ. ಮಧ್ಯಮ ವರ್ಗದಲ್ಲೂ ಅಷ್ಟೆ, ಕೆಲಸ ಬಿಡೋಳು ಯಾವಾಗ್ಲೂ ಸೊಸೆ ಇಲ್ಲಾ ಮಗಳು. ನಾನು ನೋಡಿರೋ ಎಷ್ಟು ಮನೇಲಿ ನಲವತ್ತೈದರ ಹೆಂಗಸಿಗೆ ಬಿಪಿ ಶುರುವಾಗಿರೋದು ಅತ್ತೇನ ಎತ್ತಿ ಇಳಿಸಿ ಬೆನ್ನು ಹೋದ ಮೇಲೆ.

ಕಾಲಾವಕಾಶನೂ ನಮಗೆ ಜಾಸ್ತಿ ಇಲ್ಲ. 2011ರ ಜನಗಣತೀಲಿ 60 ದಾಟಿದವರು ದೇಶದಲ್ಲಿ ಸುಮಾರು 10.4 ಕೋಟಿ, ಅಂದ್ರೆ ನೂರಕ್ಕೆ ಎಂಟೂವರೆ ಚಿಲ್ಲರೆ, ಕರ್ನಾಟಕದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿನೇ. 2050ರ ಹೊತ್ತಿಗೆ ಐದು ಜನಕ್ಕೆ ಒಬ್ಬರು 60 ದಾಟಿರ್ತಾರೆ ಅನ್ನೋದು ಅಂದಾಜು. 60 ದಾಟಿದವರ ಪಾಲು ನೂರಕ್ಕೆ 10ರಿಂದ 20ಕ್ಕೆ ಏರೋಕೆ ಫ್ರಾನ್ಸಿಗೆ ಹತ್ತಿರ ಹತ್ತಿರ 150 ವರ್ಷ ಸಿಕ್ತು, ಭಾರತ, ಚೀನಾ, ಬ್ರೆಜಿಲ್‌ನಂಥ ದೇಶಗಳಿಗೆ ಸಿಗೋದು 20 ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರ ವರದೀಲೇ ಹೇಳಿತ್ತು. ಅವರು ಮೊದಲು ಶ್ರೀಮಂತರಾಗಿ ಆಮೇಲೆ ಮುದುಕರಾದ್ರು, ನಾವು ದುಡಿಯೋ ದಾರೀಲೇ ಮುದುಕರಾಗ್ತಿದ್ದೀವಿ. ಶ್ರೀಮಂತರಾಗೋವರೆಗೂ ಕಾಯೋಣ ಅನ್ನೋಕೆ ಟೈಮೇ ಇಲ್ಲ.

ಕಾಗದದ ಮೇಲೆ ನಮ್ಮಲ್ಲಿ ಎಲ್ಲಾ ಇದೆ. ತಂದೆತಾಯಿ ಮತ್ತೆ ಹಿರಿಯ ನಾಗರಿಕರ 2007ರ ಕಾಯ್ದೆ ಅಂದ್ರೆ ಎಲ್ಲರಿಗೂ ಮಕ್ಕಳಿಂದ ಜೀವನಾಂಶ ಕೊಡಿಸೋದಷ್ಟೇ ನೆನಪಾಗುತ್ತೆ, ಅದರ 20ನೇ ಸೆಕ್ಷನ್ ಓದಿ, ಆಸ್ಪತ್ರೇಲಿ ಹಿರಿಯರಿಗೆ ಹಾಸಿಗೆ, ಬೇರೆ ಕ್ಯೂ, ಜಿಲ್ಲಾ ಆಸ್ಪತ್ರೇಲಿ ಅವರಿಗೆ ಬೇಕಾದ ಸೌಲಭ್ಯ ಎಲ್ಲಾ ಬರೆದಿದೆ. 2010-11ರಲ್ಲಿ ಕೇಂದ್ರ ಸರ್ಕಾರ ಹಿರಿಯರ ಆರೋಗ್ಯಕ್ಕೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡ್ತು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಕ್ಲಿನಿಕ್, ಜಿಲ್ಲಾ ಆಸ್ಪತ್ರೇಲಿ 10 ಹಾಸಿಗೆ, ದೆಹಲಿಯ ಏಮ್ಸ್‌ನಲ್ಲಿ ಮತ್ತೆ ಚೆನ್ನೈನಲ್ಲಿ ರಾಷ್ಟ್ರೀಯ ಕೇಂದ್ರ. ಯೋಜನೆ ಚೆನ್ನಾಗೇ ಇದೆ. ಆದ್ರೆ ಲೆಕ್ಕ ಕೇಳೋವಾಗ ಎಷ್ಟು ಹಾಸಿಗೆ ಹಾಕಿದ್ರಿ ಅಂತ ಕೇಳೋದು ಸುಲಭ, ಎಷ್ಟು ಅಜ್ಜಿಯರು ತಮ್ಮ ಕಾಲ ಮೇಲೆ ನಡ್ಕೊಂಡು ಮನೆಗೆ ಹೋದ್ರು ಅಂತ ಕೇಳೋದು ಕಷ್ಟ.

ನಾನು ಇದನ್ನ ಹೊರಗಿನಿಂದ ನೋಡಿ ಹೇಳ್ತಿಲ್ಲ. ನಾನು ಮೊದಲು ಕೆಲಸ ಮಾಡ್ತಿದ್ದ ಒಂದು ಆಸ್ಪತ್ರೇಲಿ ನಾವೇ ಮುಂದೆ ನಿಂತು 10 ಹಾಸಿಗೆಯ ಹಿರಿಯರ ವಾರ್ಡ್ ಮಾಡಿಸಿದ್ವಿ. ಫಳಫಳ ಹೊಳೆಯೋ ಗ್ರಾನೈಟ್ ನೆಲ, ಟಿವಿ, ದೇವರ ಫೋಟೋ, ಉದ್ಘಾಟನೆಗೆ ದೊಡ್ಡವರೆಲ್ಲಾ ಬಂದ್ರು. ಫಿಸಿಯೋ ಬೇಕು ಅಂದ್ರೆ ಮೂಳೆ ವಿಭಾಗದವರನ್ನ ಕರೆಸ್ಕೊಳ್ಳಿ ಅಂದ್ರು, ಅವರಿಗೆ ಅಲ್ಲೇ ಪುರುಸೊತ್ತಿಲ್ಲ. ಸಿಸ್ಟರ್‌ಗಳು ತಿಂಗಳಿಗೊಮ್ಮೆ ಬದಲಾಗ್ತಿದ್ರು, ಕಲಿಸೋಷ್ಟರಲ್ಲಿ ಐಸಿಯುಗೆ ಎತ್ಕೊಂಡು ಹೋಗೋರು. ಆರು ತಿಂಗಳಲ್ಲಿ ಅದು ಬೇರೆ ವಾರ್ಡಿನವರು "ಇನ್ನೇನೂ ಮಾಡೋಕಾಗಲ್ಲ" ಅಂತ ತಳ್ಳೋ ಜಾಗ ಆಯ್ತು. ನಡ್ಕೊಂಡು ಬಂದ ಒಬ್ಬ ತಾತ, ಬಿಇಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದವರು, ಕೆಮ್ಮಿಗೆ ಅಂತ ಅಡ್ಮಿಟ್ ಆಗಿ ಹನ್ನೆರಡು ದಿನ ಮಲಗಿದ್ದು ಮನೆಗೆ ಹೋಗೋವಾಗ ವೀಲ್‌ಚೇರಲ್ಲಿ ಹೋದ್ರು, ಅವರ ಕೆಮ್ಮು ವಾಸಿಯಾಗಿತ್ತು. ಆ ಮುಖ ನಾನು ಮರೆತಿಲ್ಲ. ಆರೋಗ್ಯವಾಗಿರೋ ಹಿರಿಯರನ್ನೇ 10 ದಿನ ಹಾಸಿಗೇಲಿ ಮಲಗಿಸಿ ಅಳತೆ ಮಾಡಿದಾಗ ಬರೀ ಕಾಲಲ್ಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು, ಇನ್ನು ಕಾಯಿಲೆಯವರ ಗತಿ ಯೋಚನೆ ಮಾಡಿ. ವರ್ಷ ಒಂದೂಕಾಲಿಗೆ ಆ ವಾರ್ಡ್ ಮುಚ್ತು.

ಅದಕ್ಕೇ ಹೇಳೋದು, ದಾನಿಗಳ ಹತ್ರ ಕೂತು ಮಾತಾಡಿ, ಅವರ ದುಡ್ಡನ್ನ ಕಲ್ಲು ಸಿಮೆಂಟಿಗೆ ಹಾಕೋ ಬದಲು ಮೂರು ವರ್ಷದ ಸಂಬಳಕ್ಕೆ ಇಡಿ ಅಂತ ಕೇಳ್ಕೊಳ್ಳಿ. ಒಬ್ಬ ಸಿಸ್ಟರ್, ಒಬ್ಬ ಫಿಸಿಯೋ, ಇಬ್ಬರು ಆಯಾ, ಮತ್ತೆ ನಿಮ್ಮ ಆಸ್ಪತ್ರೇಲಿ ಈಗಾಗಲೇ ಇರೋ ಎಂಡಿ ಮೆಡಿಸಿನ್ ಡಾಕ್ಟರ ವಾರದ ಒಂದು ಮಧ್ಯಾಹ್ನ. ಅವರ ತಂದೆ ಹೆಸರು ಆ ಕ್ಲಿನಿಕ್ಕಿಗೇ ಇಡಿ, ಬೋರ್ಡೂ ಹಾಕಿ, ಅದರಲ್ಲಿ ಏನೂ ತಪ್ಪಿಲ್ಲ.

ಆ ಮಧ್ಯಾಹ್ನ ಹೊಸಬರು ಐದೇ ಜನ. ಆರನೆಯವರನ್ನ ಮುಂದಿನ ವಾರಕ್ಕೆ ಬನ್ನಿ ಅನ್ನಿ. ಇದು ನಮ್ಮ ಆಸ್ಪತ್ರೆಗಳಿಗೆ ತುಂಬಾ ಕಷ್ಟದ ಮಾತು ಅಂತ ಗೊತ್ತು, ಓಪೀಲಿ ಗಂಟೆಗೆ ಇಪ್ಪತ್ತು ಜನ ನೋಡಿ ಅಭ್ಯಾಸ, ಆದ್ರೆ ಒಬ್ಬರಿಗೆ ಒಂದು ಗಂಟೆ ಕೊಡದೆ ಈ ಕೆಲಸ ಆಗಲ್ಲ, ಆ ಗಂಟೇನೇ ನಮ್ಮ ಸ್ಕ್ಯಾನಿಂಗ್ ಮೆಷೀನ್ ಅಂದ್ಕೊಳ್ಳಿ. ಅದರಲ್ಲಿ ನಲವತ್ತು ನಿಮಿಷ ಸಿಸ್ಟರ್ ಕೆಲಸ, ಡಾಕ್ಟ್ರು ಬರೋದು ಕೊನೆಗೆ. ಕೈ ಇರೋ ಒಂದು ಕುರ್ಚಿ, ಮೂರು ಮೀಟರ್ ದೂರದಲ್ಲಿ ನೆಲದ ಮೇಲೆ ಒಂದು ಟೇಪು. ಅಜ್ಜಿ ಕುರ್ಚಿಯಿಂದ ಎದ್ದು, ಟೇಪಿನವರೆಗೂ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಬೀಳೋ ಅಪಾಯ ಇದೆ ಅಂತ. ಸೆಕೆಂಡಿಗಿಂತ ಹೆಚ್ಚಾಗಿ ನಾನು ನೋಡೋದು ಏಳೋವಾಗ ಎಷ್ಟು ಸಲ ಕುರ್ಚಿ ಹಿಡೀತಾರೆ, ತಿರುಗೋವಾಗ ಗೋಡೆಗೆ ಕೈ ಚಾಚ್ತಾರಾ, ಚಪ್ಪಲಿ ಹಿಂದೆ ಸವೆದು ಜೋಲಾಡ್ತಿದ್ಯಾ ಅಂತ. ಆಮೇಲೆ ಕಣ್ಣಿನ ಪೊರೆ, ಕಿವಿ, ಹಲ್ಲು, ತೂಕ, ಎರಡು ಹೊತ್ತು ಏನು ತಿಂತಾರೆ, ಒಂಟಿಯಾಗಿರ್ತಾರಾ, ಅಳು ಬರುತ್ತಾ, ರಾತ್ರಿ ಎಷ್ಟು ಸಲ ಏಳ್ತಾರೆ.

ಮೂತ್ರದ ವಿಷಯ ಮಾತ್ರ ಸೊಸೆ ಮಗ ಇಲ್ಲದಾಗ ಕೇಳಬೇಕು. ಕೇಳದೆ ಯಾವ ಅಜ್ಜೀನೂ ಹೇಳಲ್ಲ. ಒಬ್ಬರು ನಾಲ್ಕು ವರ್ಷದಿಂದ ಮದುವೆ ಮುಂಜಿ, ದೊಡ್ಡ ಗಣಪತಿ ದೇವಸ್ಥಾನ ಎಲ್ಲಾ ಬಿಟ್ಟು ಮನೇಲೇ ಇದ್ರು, ಮನೆಯವರು ಮಂಡಿನೋವು ಅಂದ್ಕೊಂಡಿದ್ರು. ಕಾರಣ ಸೀರೆ ಒದ್ದೆಯಾಗುತ್ತೆ ಅನ್ನೋ ನಾಚಿಕೆ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮದಲ್ಲಿ ಮೂರು ತಿಂಗಳಿಗೆ ಬಹಳ ಮಟ್ಟಿಗೆ ಸರಿಹೋಯ್ತು.

ನೆನಪಿನ ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹೊರದೇಶದ ಪರೀಕ್ಷೆಗಳನ್ನ ಹಾಗೇ ಕನ್ನಡಕ್ಕೆ ಇಳಿಸಿ ಕೇಳಿದ್ರೆ ಶಾಲೆಗೇ ಹೋಗದ ಅಜ್ಜಿ ಎಷ್ಟು ಚುರುಕಾಗಿದ್ರೂ ಫೇಲ್, ಗಡಿಯಾರದ ಚಿತ್ರ ಬರೀರಿ, ನೂರರಿಂದ ಏಳೇಳು ಕಳೀರಿ ಅಂದ್ರೆ ಪೆನ್ನೇ ಹಿಡೀದವರು ಏನು ಮಾಡ್ತಾರೆ. ಇದೇ ಕಾರಣಕ್ಕೆ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬರದವರಿಗೆ ಅಂತ 1990ರ ದಶಕದಲ್ಲಿ ಹಿಂದೀಲಿ ಬೇರೆ ಪರೀಕ್ಷೆ ರೂಪಿಸಿದ್ರು. ನಾವು ಮನೆಯವರನ್ನ ಕೇಳ್ತೀವಿ, ಹಾಲು ಉಕ್ಕಿಸಿ ಮರೀತಾರಾ, ತರಕಾರಿ ಗಾಡಿಯವನ ಹತ್ರ ಚಿಲ್ಲರೆ ಸರಿಯಾಗಿ ಎಣಿಸ್ಕೋತಾರಾ, ಹೋದ ಹಬ್ಬ ಯಾವುದು ಅಂದ್ರೆ ಹೇಳ್ತಾರಾ, ಸಾರಿಗೆ ಉಪ್ಪು ಎರಡು ಸಲ ಬೀಳುತ್ತಾ. ಮರೆವು ಅಂದ ತಕ್ಷಣ ಡಿಮೆನ್ಷಿಯಾ ಅಂತ ಹಣೆಪಟ್ಟಿ ಹಚ್ಚೋಕೆ ಮೊದಲು ಬಿ12, ಥೈರಾಯ್ಡ್ ನೋಡಿ, ಖಿನ್ನತೆ ಇದ್ಯಾ ನೋಡಿ. ನಿಮ್ಮ ಬಸವನಗುಡಿ-ಹನುಮಂತನಗರದ ಕಡೆ ಪೂರ್ತಿ ಸಸ್ಯಾಹಾರಿ ಮನೆಗಳು ಜಾಸ್ತಿ, ಜೊತೆಗೆ ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡ್ರೆ ಬಿ12 ಇನ್ನೂ ಇಳಿಯುತ್ತೆ, ಇದು ನಾನು ವಾರಕ್ಕೊಂದಾದ್ರೂ ನೋಡೋ ಕೇಸು. ನಿಜವಾಗ್ಲೂ ಡಿಮೆನ್ಷಿಯಾ ಅನ್ಸಿದ್ರೆ ಈ ಊರಲ್ಲಿ ಕೇಳೋಕೆ ಜನ ಇದ್ದಾರೆ, ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯ ವಿಭಾಗ ಇದೆ, ನಿಮ್ಹಾನ್ಸ್ ಮತ್ತೆ ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಯ ಕ್ಲಿನಿಕ್ ಜಯನಗರ ಜನರಲ್ ಆಸ್ಪತ್ರೇಲಿದೆ, ನೈಟಿಂಗೇಲ್ಸ್ ಟ್ರಸ್ಟಿನವರು ವರ್ಷಗಳಿಂದ ಡಿಮೆನ್ಷಿಯಾ ಆರೈಕೆ ಮಾಡ್ಕೊಂಡು ಬಂದಿದ್ದಾರೆ.

ಜೀರಿಯಾಟ್ರಿಕ್ಸಲ್ಲೇ ಎಂಡಿ ಮಾಡಿರೋ ಡಾಕ್ಟ್ರು ನಿಮಗೆ ಸಿಗೋದು ಕಷ್ಟ, ದೇಶದಲ್ಲೇ ಸೀಟು ಕಮ್ಮಿ. ಸಿಗದಿದ್ರೂ ಪರವಾಗಿಲ್ಲ. ನಮ್ಮಂಥ ದೇಶದಲ್ಲಿ ಈ ತಜ್ಞರು ಪ್ರತಿ ಅಜ್ಜೀನೂ ತಾವೇ ನೋಡ್ತೀವಿ ಅಂದ್ರೆ ಎಂದಿಗೂ ಮುಗಿಯಲ್ಲ, ಅವರ ಮುಖ್ಯ ಕೆಲಸ ಬೇರೆಯವರಿಗೆ ಕಲಿಸೋದು. ಸೇಂಟ್ ಜಾನ್ಸ್ ಆಸ್ಪತ್ರೇಲಿ ಹಿರಿಯರ ವಿಭಾಗ ಇದೆ, ನಿಮ್ಮ ಡಾಕ್ಟ್ರನ್ನೂ ಸಿಸ್ಟರನ್ನೂ ಒಂದಷ್ಟು ದಿನ ಅಲ್ಲಿ ನೋಡಿ ಬರೋಕೆ ಕಳಿಸಬಹುದಾ ಅಂತ ಕೇಳಿ. ಸಿಸ್ಟರನ್ನ ಕಳಿಸೋದನ್ನ ಮಾತ್ರ ತಪ್ಪಿಸಬೇಡಿ, ಡಾಕ್ಟ್ರು ಬಿಟ್ಟು ಹೋದ್ರೂ ಕ್ಲಿನಿಕ್ ಉಳಿಸೋದು ಅವರೇ. ಆದ್ರೆ ಕಲಿತ ಸಿಸ್ಟರಿಗೆ ಸಂಬಳ ಜಾಸ್ತಿ ಕೊಡಬೇಕು, ಕೊಡದಿದ್ರೆ ಗಲ್ಫಿಗೋ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗೋ ಹೋಗ್ತಾರೆ, ಹೋದ್ರೆ ಅವರನ್ನ ಬೈಯೋ ಹಕ್ಕು ನಮಗಿಲ್ಲ.

ವಾರ್ಡ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. 2017ರಲ್ಲಿ ಕಾಕ್ರೇನ್ ಅನ್ನೋ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಸೇರಿಸಿ ತೂಗಿ ನೋಡೋ ಸಂಸ್ಥೆಯವರು 9 ದೇಶಗಳ 29 ಅಧ್ಯಯನ ಒಟ್ಟು ಹಾಕಿ ನೋಡಿದಾಗ, ಅಡ್ಮಿಟ್ ಆದ ಹಿರಿಯರನ್ನ ಈ ಥರ ಒಂದು ತಂಡ ಪೂರ್ತಿಯಾಗಿ ಪರೀಕ್ಷಿಸಿ ನೋಡ್ಕೊಂಡ್ರೆ ಮುಂದೆ ಅವರು ಬದುಕಿ ತಮ್ಮ ಮನೇಲೇ ಇರೋ ಸಾಧ್ಯತೆ ಜಾಸ್ತಿ ಅಂತ ಕಂಡಿದೆ. ಕಟ್ಟಡ ಕೆಲಸ ಮಾಡ್ತು ಅಂತಲ್ಲ, ತಂಡ ಕೆಲಸ ಮಾಡ್ತು. ಹಾಗಾಗಿ ನಿಮ್ಮ ಈಗಿನ ಜನರಲ್ ವಾರ್ಡಲ್ಲೇ ಸಿಸ್ಟರ್ ಟೇಬಲ್ ಹತ್ರ ಇರೋ ನಾಲ್ಕು ಹಾಸಿಗೆ ತಗೊಳ್ಳಿ. ಮಂಚ ತಗ್ಗಿಸಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮೆಷೀನು ಬ್ಯಾಗಲ್ಲಿ ಕಟ್ಟಿಡೋದು ಬೇಡ, ಮೈಮೇಲೇ ಇರಲಿ. ಡೈಪರ್ ಬದಲಾಯಿಸೋ ಕಷ್ಟ ತಪ್ಪಲಿ ಅಂತ ಯೂರಿನ್ ಪೈಪ್ ಹಾಕೋದು ನಿಲ್ಲಲಿ, ಗಲಾಟೆ ಮಾಡ್ತಾರೆ ಅಂತ ಕೈ ಕಟ್ಟೋದು ಪೂರ್ತಿ ನಿಲ್ಲಲಿ. ಮನೆಯವರು ಒಬ್ಬರು ರಾತ್ರಿ ಪಕ್ಕದಲ್ಲಿರೋಕೆ ಬಿಡಿ, ಸನ್ನಿ ಹಿಡಿದವರಿಗೆ ಗೊತ್ತಿರೋ ಮುಖಕ್ಕಿಂತ ಒಳ್ಳೆ ಔಷಧಿ ಇಲ್ಲ. ಎರಡನೇ ದಿನಕ್ಕೆ ಎಬ್ಬಿಸಿ ಕುರ್ಚೀಲಿ ಕೂರಿಸಿ ಊಟ ಕೊಡಿ. ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಸ್ಟೀಲ್ ಕಂಬಿ, ಜಾರದ ಟೈಲ್ಸು. ದಾನಿಗಳಿಗೆ ಗ್ರಾನೈಟ್ ಅಂದ್ರೆ ಪ್ರೀತಿ, ದಯವಿಟ್ಟು ಅದೊಂದು ಬೇಡ, ಬೆಳಗ್ಗೆ ಒರೆಸಿ ಹೋದ ಮೇಲೆ ಅದು ಐಸಿನ ಹಾಗೆ.

ಸೊಂಟದ ಮೂಳೆ ಮುರಿದವರ ಬಗ್ಗೆ ನಿಮ್ಮ ಮೂಳೆ ಡಾಕ್ಟ್ರ ಜೊತೆ ಮೊದಲೇ ಮಾತಾಡಿ ಒಂದು ನಿಯಮ ಮಾಡ್ಕೊಳ್ಳಿ. 48 ಗಂಟೆಯೊಳಗೆ ಆಪರೇಷನ್ ಆಗಬೇಕು, ಬಂದ ದಿನದಿಂದಲೇ ಮೆಡಿಸಿನ್ ಡಾಕ್ಟ್ರೂ ಜೊತೇಲಿ ನೋಡಬೇಕು. ನಮ್ಮೂರಲ್ಲಿ ಏನಾಗುತ್ತೆ ಅಂದ್ರೆ ದುಡ್ಡಿಲ್ಲದವರು ದುಡ್ಡು ಹೊಂದಿಸೋವರೆಗೂ, ಇರೋರು ಮಗ ಅಮೆರಿಕದಿಂದ ಬರಲಿ ಅಂತ ಕಾಯ್ತಾರೆ. ಆ ನಾಲ್ಕೈದು ದಿನದಲ್ಲಿ ಎದೇಲಿ ಕಫ ಕಟ್ಟುತ್ತೆ, ಬೆನ್ನಲ್ಲಿ ಹಾಸಿಗೆ ಹುಣ್ಣಾಗುತ್ತೆ, ಆಮೇಲೆ ಆಪರೇಷನ್ ಚೆನ್ನಾಗೇ ಆದ್ರೂ ಅಜ್ಜಿ ಏಳಲ್ಲ. ಮಗನಿಗೆ ಫೋನಲ್ಲೇ ವಿವರಿಸಿ, ವಿಡಿಯೋ ಕಾಲಲ್ಲಿ ಅಮ್ಮನ ಜೊತೆ ಮಾತಾಡಿಸಿ, ಒಪ್ಪಿಗೆ ತಗೊಂಡು ಮುಂದುವರೀರಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಅಕ್ಟೋಬರ್ 2024ರಿಂದ ಕೇಂದ್ರದ ಆಯುಷ್ಮಾನ್ ಯೋಜನೇಲಿ 70 ದಾಟಿದ ಎಲ್ಲರಿಗೂ ಆದಾಯ ನೋಡದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಮಾಡಿದ್ದಾರೆ, ಒಳ್ಳೇದೇ. ಆದ್ರೆ ಅದು ಅಡ್ಮಿಟ್ ಆದ್ರೆ ಸಿಗೋ ದುಡ್ಡು. ನಾನು ಇಷ್ಟೊತ್ತು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅಡ್ಮಿಟ್ ಆಗದೇ ಇರೋ ಹಾಗೆ ನೋಡ್ಕೊಳ್ಳೋ ಕೆಲಸ. ಒಂದು ಗಂಟೆ ಮಾತಾಡಿ ಒಂಬತ್ತು ಮಾತ್ರೆ ಕಮ್ಮಿ ಮಾಡಿದ್ದಕ್ಕೆ, ಮನೆಗೆ ಹೋಗಿ ಬಾತ್‌ರೂಮ್ ನೋಡಿ ಬಂದಿದ್ದಕ್ಕೆ ಯಾವ ಪ್ಯಾಕೇಜೂ ಇಲ್ಲ. ಈ ಲೆಕ್ಕ ಬದಲಾಗೋವರೆಗೂ ಆಸ್ಪತ್ರೆಗಳು ಹಾಸಿಗೆ ಕಡೆಗೇ ವಾಲ್ತವೆ, ಇದನ್ನ ಸರ್ಕಾರದ ಮಟ್ಟದಲ್ಲಿ ಕೇಳ್ತಾನೇ ಇರಬೇಕು, ನಾನೂ ಕೇಳ್ತಿದ್ದೀನಿ.

ಅಲ್ಲಿಯವರೆಗೆ ಕೇರಳದ ಕಡೆ ನೋಡಿ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾಕ್ಟರ್ ಎಂ.ಆರ್. ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಮತ್ತೆ ಗೆಳೆಯರು ನೋವು ಉಪಶಮನಕ್ಕೆ ಒಂದು ಸಣ್ಣ ಸೊಸೈಟಿ ಮಾಡಿದ್ರು. ಆಮೇಲೆ ಅಕ್ಕಪಕ್ಕದ ಮನೆಯವರನ್ನೇ ಸ್ವಯಂಸೇವಕರಾಗಿ ತಯಾರು ಮಾಡಿ, ನರ್ಸ್‌ಗಳು ಮನೆಮನೆಗೆ ಹೋಗೋ ಹಾಗೆ ಮಾಡಿದ್ರು, 2008ರಲ್ಲಿ ಕೇರಳ ಸರ್ಕಾರ ಅದನ್ನ ನೀತಿಯಾಗಿ ತಂದು ಪಂಚಾಯ್ತಿಗಳ ಕೈಗೆ ಕೊಡ್ತು. ಅದರಲ್ಲಿ ಎಷ್ಟೋ ಜನ ಹಾಸಿಗೆ ಹಿಡಿದ ಹಿರಿಯರೇ. ನಿಮ್ಮ ಆಸ್ಪತ್ರೆ ಸುತ್ತ ಮೂರು ಕಿಲೋಮೀಟರ್ ಸಾಕು, ಶ್ರೀನಗರ, ಗವಿಪುರ, ಚಾಮರಾಜಪೇಟೆ. ಒಬ್ಬ ಸಿಸ್ಟರ್ ಸ್ಕೂಟರಲ್ಲಿ ದಿನಕ್ಕೆ ನಾಲ್ಕು ಮನೆ ನೋಡಬಹುದು. ವಠಾರದ ಮನೇಲಿ ಬಾತ್‌ರೂಮಿನ ಹೊಸ್ತಿಲು ಎಷ್ಟೆತ್ತರ ಇದೆ ಅಂತ ಓಪೀಲಿ ಕೂತ ನನಗೆ ಗೊತ್ತಾಗಲ್ಲ, ಅವರಿಗೆ ಗೊತ್ತಾಗುತ್ತೆ. ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಡಾಕ್ಟ್ರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆ ಸೇರಿಸ್ಕೊಳ್ಳಿ. ಒಂಟಿಯಾಗಿರೋ ಹಿರಿಯರ ಫೋನ್ ಪಕ್ಕ 1090, 14567 ಎರಡು ಸಹಾಯವಾಣಿ ನಂಬರೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಆರು ತಿಂಗಳಾದ ಮೇಲೆ ಕಮಿಟೀಲಿ ಯಾರಾದ್ರೂ "ಸೀನಿಯರ್ ಸಿಟಿಜನ್ ಹೆಲ್ತ್ ಪ್ಯಾಕೇಜ್" ಮಾಡೋಣ, ನಲವತ್ತು ಬ್ಲಡ್ ಟೆಸ್ಟು, ಇಷ್ಟು ಸಾವಿರ ಅಂತ ತರ್ತಾರೆ. ಅದರಿಂದ ಅಜ್ಜಿಗೆ ಹೊಸ ಮಾತ್ರೆ ಸೇರುತ್ತೇ ಹೊರತು ಒಂದೂ ಕಳೆಯಲ್ಲ.

ಇನ್ನು ನಿಮ್ಮ ಅಮ್ಮ. ಈ ವಾರವೇ ಮನೇಲಿರೋ ಎಲ್ಲಾ ಮಾತ್ರೆ, ಆಯುರ್ವೇದದ ಲೇಹ್ಯ, ಮಂಡಿಗೆ ಅಂತ ಮೆಡಿಕಲ್ ಸ್ಟೋರಿಂದ ತಂದ ನೋವಿನ ಮಾತ್ರೆ, ಕಣ್ಣಿನ ಡ್ರಾಪ್ಸ್ ಸಮೇತ ಒಂದೇ ಕವರಿಗೆ ಹಾಕಿ, ಆ ನಾಲ್ಕು ಜನ ಡಾಕ್ಟರ ಮುಂದೆ ಅಲ್ಲ, ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟ್ರೊಬ್ಬರ ಮುಂದೆ ಸುರೀರಿ. ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿ ಅಂತ ಕೇಳಿ. ಶುಗರ್ ಮಾತ್ರೇಲಿ ಗ್ಲಿಮೆಪಿರೈಡ್ ಥರದ್ದು ಇದ್ರೆ ಬೆಳಗಿನ ಜಾವ ಶುಗರ್ ಇಳೀತಿದ್ಯಾ ಅಂತ ಚೆಕ್ ಮಾಡಿಸಿ, ಈ ವಯಸ್ಸಲ್ಲಿ ಶುಗರ್ ಸ್ವಲ್ಪ ಮೇಲಿದ್ರೂ ನಡೆಯುತ್ತೆ, ಕೆಳಗೆ ಹೋಗಬಾರದು. ಫಿಸಿಯೋ ಹತ್ರ ಬ್ಯಾಲೆನ್ಸ್ ವ್ಯಾಯಾಮ ಶುರು ಮಾಡಿಸಿ, ಬೀಳೋದನ್ನ ಸುಮಾರು ಕಾಲು ಭಾಗ ಕಮ್ಮಿ ಮಾಡುತ್ತೆ ಅಂತ ಗಟ್ಟಿ ಪುರಾವೆ ಇರೋ ಚಿಕಿತ್ಸೆ ಅದು. ಎರಡು ಸಲ ಬಿದ್ರು ಅಂತ ಬರೆದಿದ್ದೀರಿ, ಎಷ್ಟು ಹೊತ್ತಲ್ಲಿ, ಎಲ್ಲಿಂದ ಎದ್ದು ಎಲ್ಲಿಗೆ ಹೋಗೋವಾಗ, ಕಾಲಲ್ಲಿ ಏನಿತ್ತು, ಬೀಳೋಕೆ ಮೊದಲು ಕಣ್ಣು ಕತ್ತಲೆ ಬಂತಾ ಅಂತ ಬರೆದಿಲ್ಲ. ಅದನ್ನ ಅಮ್ಮನ್ನೇ ಕೇಳಿ, ಡಾಕ್ಟ್ರ ಮುಂದೆ ಅವರೇ ಹೇಳೋಕೆ ಬಿಡಿ, ನಿಧಾನ ಆದ್ರೂ ಪರವಾಗಿಲ್ಲ.